ತಗಡಿನ ಗಿಟಾರಿನಲ್ಲಿ ಸ್ವಿಂಗ್: ರೆಸೊನೇಟರ್ ಹಿಡಿದು ಜಾಝ್ ನುಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ಮಂಗಳೂರಿನ ಒಂದು ಮದುವೆ ರಿಸೆಪ್ಷನ್. ಗ್ರ್ಯಾಂಡ್ ಮಾರ್ಚ್ ಮುಗಿದು ಹಿರಿಯರಿಗೆಂದು ಫಾಕ್ಸ್‌ಟ್ರಾಟ್ ಶುರುವಾಗುವ ಹೊತ್ತು. ಗಲ್ಫಿನಿಂದ ಬಂದ ಸೋದರಮಾವ ಹೊತ್ತು ತಂದಿದ್ದ ಲೋಹದ ರೆಸೊನೇಟರ್ ಗಿಟಾರನ್ನು ನಾನು ಅವತ್ತೇ ಮೊದಲ ಸಲ ವೇದಿಕೆಗೆ ಏರಿಸಿದ್ದೆ. ಆರೂ ತಂತಿ ಸೇರಿಸಿ ಒಂದು ದೊಡ್ಡ ಜಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಎಳೆದದ್ದೇ ತಡ, ಪಕ್ಕದಲ್ಲಿದ್ದ ಟ್ರಂಪೆಟ್‌ನವರು ತಿರುಗಿ, "ಎಂತ ಮಾರಾಯಾ, ಅಡುಗೆಮನೆಯಲ್ಲಿ ಪಾತ್ರೆ ಬಿತ್ತಾ?" ಎಂದರು. ಬೇಜಾರಾಯಿತು, ಆದರೆ ಅವರು ಹೇಳಿದ್ದು ಸರಿಯೇ ಇತ್ತು. ಈ ವಾದ್ಯವನ್ನು ಮೊಳಗಿಸಲು ಯಾರೂ ಕಲಿಸಬೇಕಾಗಿಲ್ಲ. ಮೊಳಗಿದ್ದನ್ನು ಸರಿಯಾದ ಕ್ಷಣಕ್ಕೆ ನಿಲ್ಲಿಸಲು ನನಗೆ ವರ್ಷಗಳೇ ಹಿಡಿದವು. ಕೆಳಗೆ ಬರೆದದ್ದರಲ್ಲಿ ಬಹಳಷ್ಟು ಅದರ ಬಗ್ಗೆಯೇ ಇದೆ.

ಮೊದಲು, ಒಳಗೆ ಏನಿದೆ

ಸಾಮಾನ್ಯ ಗಿಟಾರಿನಲ್ಲಿ ಮರದ ಮುಖವೇ ಅದುರುತ್ತದೆ. ರೆಸೊನೇಟರಿನಲ್ಲಿ ಆ ಕೆಲಸ ತೆಳು ಅಲ್ಯೂಮಿನಿಯಂ ಕೋನಿನದು. ಹಳೆಯ ಗ್ರಾಮಫೋನಿನ ಧ್ವನಿಪೆಟ್ಟಿಗೆಯ ನೆಂಟನೆಂದುಕೊಳ್ಳಿ. ಮೈಕ್ ಇಲ್ಲದ ಕಾಲದಲ್ಲಿ ಹಿತ್ತಾಳೆ ವಾದ್ಯಗಳ ನಡುವೆ ಗಿಟಾರ್ ಯಾರಿಗೂ ಕೇಳಿಸುತ್ತಿರಲಿಲ್ಲ. ಅಮೆರಿಕದಲ್ಲಿ ವಾಡ್‌ವಿಲ್ ಎಂಬ ವಿನೋದಾವಳಿಯ ವೇದಿಕೆಗಳಲ್ಲಿ ಸ್ಟೀಲ್ ಗಿಟಾರ್ ನುಡಿಸುತ್ತಿದ್ದ ಜಾರ್ಜ್ ಬೀಚಮ್ ಜೋರು ಗಿಟಾರ್ ಬೇಕೆಂದು ಹಟ ಹಿಡಿದ. ಸ್ಲೊವಾಕ್ ಮೂಲದ ಕುಶಲಕರ್ಮಿ ಜಾನ್ ಡೊಪ್ಯೆರಾ ಮಾಡಿಕೊಟ್ಟ. 1927ರಲ್ಲಿ ನ್ಯಾಷನಲ್ ಕಂಪನಿಯ ಹೆಸರಲ್ಲಿ ಮೂರು ಕೋನಿನ ಗಿಟಾರ್ ಮಾರುಕಟ್ಟೆಗೆ ಬಂತು. ತಮಾಷೆಯೆಂದರೆ ಇದೇ ಬೀಚಮ್ ಕೆಲವೇ ವರ್ಷಗಳಲ್ಲಿ ಮೊದಲ ಎಲೆಕ್ಟ್ರಿಕ್ ಗಿಟಾರುಗಳಲ್ಲೊಂದನ್ನು ರೂಪಿಸಿ, ತಾನೇ ಕೇಳಿ ಮಾಡಿಸಿದ ರೆಸೊನೇಟರಿನ ಹೊಟ್ಟೆಗೂ ಹೊಡೆದ.

ಇವುಗಳಲ್ಲಿ ಮೂರು ಜಾತಿ. ಟ್ರೈಕೋನಿನಲ್ಲಿ ಆರಿಂಚಿನ ಮೂರು ಪುಟ್ಟ ಕೋನುಗಳಿದ್ದು, ಟಿ ಆಕಾರದ ಲೋಹದ ಸೇತುವೆ ಅವನ್ನು ಸೇರಿಸುತ್ತದೆ. ನಾದ ನಯ, ಸ್ವರ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ. ಎರಡನೆಯದು ಬಿಸ್ಕೆಟ್. ಒಂಬತ್ತೂವರೆ ಇಂಚಿನ ಒಂದೇ ಕೋನು, ಅದರ ನೆತ್ತಿಯ ಮೇಲೆ ಮರದ ಬಿಲ್ಲೆ, ಬಿಲ್ಲೆಯಲ್ಲಿ ತಂತಿಗಳನ್ನು ಹೊರುವ ಸ್ಯಾಡಲ್. ಹೊಡೆದ ಕೂಡಲೇ ಬೊಗಳುತ್ತದೆ, ಅಷ್ಟೇ ಬೇಗ ಸುಮ್ಮನಾಗುತ್ತದೆ. ಮೂರನೆಯದರಲ್ಲಿ ಕೋನು ಬಟ್ಟಲಿನಂತೆ ಅಂಗಾತ ಮಲಗಿದ್ದು, ಮೇಲೆ ಜೇಡನ ಕಾಲಿನಂಥ ಲೋಹದ ಚೌಕಟ್ಟು ಕೂತಿರುತ್ತದೆ. ಡೊಪ್ಯೆರಾ ಸಹೋದರರು ಬೇರೆಯಾಗಿ ಡೊಬ್ರೊ ಎಂಬ ಹೆಸರಲ್ಲಿ ಮಾಡಿದ್ದು ಇದನ್ನು. ಸ್ಲೊವಾಕ್ ಭಾಷೆಯಲ್ಲಿ ಆ ಪದಕ್ಕೆ ಒಳ್ಳೆಯದು ಎಂಬ ಅರ್ಥವೂ ಇದೆ. ಮೂಗಿನಿಂದ ಹಾಡಿದಂಥ ನಾದ. ಅಮೆರಿಕದ ಹಳ್ಳಿಗಾಡಿನ ಬ್ಲೂಗ್ರಾಸ್ ಸಂಗೀತಕ್ಕೆ ಹೇಳಿ ಮಾಡಿಸಿದ್ದು, ಸ್ವಿಂಗ್‌ಗೆ, ಅಂದರೆ ಕುಣಿತಕ್ಕೆ ಒಗ್ಗುವ ಓಲಾಟದ ಜಾಝ್‌ಗೆ, ನನಗೆ ಅಷ್ಟಾಗಿ ಹಿಡಿಸುವುದಿಲ್ಲ.

ಲೋಹದ ಗಿಟಾರೆಂದರೆ ಬ್ಲೂಸ್ ಎಂದು ನಂಬಿದವರು ಆಸ್ಕರ್ ಅಲೆಮಾನ್ ಅವರನ್ನು ಕೇಳಬೇಕು. ಅರ್ಜೆಂಟೀನಾದ ಈ ಕಲಾವಿದ 1930ರ ದಶಕದ ಪ್ಯಾರಿಸ್ಸಿನಲ್ಲಿ ಗಾಯಕಿ, ನರ್ತಕಿ ಜೋಸೆಫೀನ್ ಬೇಕರ್ ಅವರ ವಾದ್ಯವೃಂದದಲ್ಲಿದ್ದು, ನ್ಯಾಷನಲ್ ಟ್ರೈಕೋನ್ ಹಿಡಿದು, ಹೆಬ್ಬೆರಳಿಗೆ ತಂತಿ ಮೀಟುವ ಪಿಕ್ ಹಾಕಿ, ಅಪ್ಪಟ ಸ್ವಿಂಗ್ ನುಡಿಸುತ್ತಿದ್ದರು. ಅದೇ ಊರು, ಅದೇ ಕಾಲ, ಜಾಝ್ ಗಿಟಾರಿನ ದಿಗ್ಗಜ ಜ್ಯಾಂಗೊ ರೈನ್‌ಹಾರ್ಟ್ ಕೂಡ ಅಲ್ಲೇ. ಮಡಿಲ ಮೇಲೆ ಮಲಗಿಸಿ ನುಡಿಸುವವರಿಗೆ ಹವಾಯಿಯ ಸ್ಟೀಲ್ ಗಿಟಾರ್ ವಾದಕ ಸೋಲ್ ಹೂಪಿಯೇ ಗುರು. ಭಾರತದ ನಂಟೂ ಇದೆ. ಟಾವ್ ಮೋ ಎಂಬ ಹವಾಯಿಯನ್ ಗಿಟಾರ್ ವಾದಕ 1940ರ ದಶಕದಲ್ಲಿ ಕುಟುಂಬ ಸಮೇತ ಕಲ್ಕತ್ತೆಯಲ್ಲಿ ನೆಲೆಸಿ ನುಡಿಸಿದರು, ಕಲಿಸಿದರು.

ಕೊಳ್ಳುವಾಗ

ಎರಡು ಬಗೆಯ ಕತ್ತು ಇರುತ್ತದೆ. ಚೌಕ ಕತ್ತಿನದು ಮಡಿಲ ಮೇಲಿಟ್ಟು ಸ್ಟೀಲ್ ಬಾರ್‌ನಿಂದ ನುಡಿಸಲು ಮಾತ್ರ, ಬೆರಳಿನಿಂದ ಫ್ರೆಟ್ (ಕತ್ತಿನ ಮೇಲಿನ ಲೋಹದ ಮೆಟ್ಟಿಲು) ಒತ್ತಲಿಕ್ಕೆ ಆಗುವುದಿಲ್ಲ. ಫೋಟೊ ನೋಡಿ ಆನ್‌ಲೈನಿನಲ್ಲಿ ತರಿಸಿ ಇಲ್ಲೇ ಎಡವಿದವರಿದ್ದಾರೆ. ಸ್ವಿಂಗ್ ಕಾರ್ಡುಗಳಿಗೆ ದುಂಡು ಕತ್ತಿನದೇ ಬೇಕು.

ಗ್ರೆಚ್, ರೆಕಾರ್ಡಿಂಗ್ ಕಿಂಗ್ ಮುಂತಾದವರ ಮಧ್ಯಮ ದರದ ಗಿಟಾರುಗಳು ಕಲಿಯಲು ಸಾಕು. ಮರದ ಮೈಯೋ ಲೋಹದ ಮೈಯೋ ಎಂದು ಕೇಳಿದರೆ, ಕರಾವಳಿಯಲ್ಲಿದ್ದು ಬರೀ ರಿದಮ್ ನುಡಿಸುವುದಾದರೆ ಮರದ್ದನ್ನೇ ತೆಗೆದುಕೊಳ್ಳಿ. ಹಗುರ, ನಾದ ಮೆತ್ತಗೆ, ತುಕ್ಕಿನ ರಗಳೆ ಕಡಿಮೆ. ಲೋಹದ್ದು ನಾಲ್ಕು ಕಿಲೋದ ಆಸುಪಾಸು ತೂಗುತ್ತದೆ, ಎರಡು ಗಂಟೆ ನಿಂತು ನುಡಿಸಿದರೆ ಭುಜ ನಿಮ್ಮದಾಗಿ ಉಳಿಯುವುದಿಲ್ಲ. ಆದರೂ ನಾನು ಲೋಹದ್ದೇ ನುಡಿಸುತ್ತೇನೆ. ಹಳೆಯ ಸ್ಟೈಲ್ ಓ ಮಾದರಿಯ ನ್ಯಾಷನಲ್‌ಗಳ ಮೈಮೇಲೆ ಹವಾಯಿಯ ಕಡಲ ತೀರ, ತಾಳೆ ಮರಗಳ ಚಿತ್ರ ಕೊರೆದಿರುತ್ತಾರೆ. ಅದನ್ನು ಮಲ್ಪೆ ಎಂದು ಹೇಳಿದರೂ ನಂಬಬಹುದು. ಇಂಥ ಚಪಲಕ್ಕೆ ಮದ್ದಿಲ್ಲ.

ತಂತಿ, ಎತ್ತರ, ಸದ್ದು

ಅಂಗಡಿಯಿಂದ ಬರುವ ರೆಸೊನೇಟರುಗಳ ತಂತಿ ಸಾಮಾನ್ಯವಾಗಿ ಸ್ಲೈಡಿಗೆಂದು (ಬೆರಳಿಗೆ ಹಾಕಿ ತಂತಿಯ ಮೇಲೆ ಜಾರಿಸುವ ಕೊಳವೆ) ಎತ್ತರಕ್ಕಿರುತ್ತದೆ. ಹನ್ನೆರಡನೇ ಫ್ರೆಟ್ಟಿನ ಮೇಲೆ ಆರನೇ, ಅಂದರೆ ಅತಿ ದಪ್ಪನೆಯ, ತಂತಿಯ ಎತ್ತರ ಎರಡರಿಂದ ಎರಡೂವರೆ ಮಿಲಿಮೀಟರಿಗೆ ಇಳಿದರೆ ಜಾಝ್ ಕಾರ್ಡುಗಳಿಗೆ ಬೆರಳು ಒಪ್ಪುತ್ತದೆ. ತಂತಿ 12ರಿಂದ ಶುರುವಾಗುವ ಸೆಟ್ (ಅತಿ ತೆಳು ತಂತಿಯ ದಪ್ಪ 0.012 ಇಂಚು) ಇರಲಿ, ನಿಕಲ್ ಸುತ್ತಿದ್ದಾದರೆ ಇನ್ನೂ ಒಳ್ಳೆಯದು. ಬೆರಳು ನೋವೆಂದು 10ರ ತೆಳು ತಂತಿ ಹಾಕಬೇಡಿ. ಕೋನಿನ ಮೇಲೆ ಸಾಕಷ್ಟು ಒತ್ತಡ ಬೀಳದೆ ಅದು ಗಡಗಡ ಎನ್ನುತ್ತದೆ.

ತಂತಿಯನ್ನು ಒಂದೊಂದಾಗಿಯೇ ಬದಲಿಸಿ. ಬಿಸ್ಕೆಟ್ ಗಿಟಾರಿನ ಕೋನನ್ನು ಅಂಟಿಸಿರುವುದಿಲ್ಲ. ಒಳಗಿನ ಅಂಚಿನ ಮೇಲೆ ತಂತಿಗಳ ಒತ್ತಡದಿಂದಷ್ಟೇ ಅದು ಕೂತಿರುತ್ತದೆ. ಆರೂ ತಂತಿ ಒಟ್ಟಿಗೆ ಬಿಚ್ಚಿದರೆ ಕೋನು ಸರಿಯುತ್ತದೆ, ಶ್ರುತಿಯ ಲೆಕ್ಕ ತಪ್ಪುತ್ತದೆ. ನಾನು ಮಾಡಿದ್ದು ಇದಕ್ಕಿಂತ ದೊಡ್ಡ ಮಂಗಾಟ. ಒಳಗೆ ಹೇಗಿದೆ ನೋಡೋಣ ಎಂದು ಕೋನಿನ ಮೇಲಿನ ಮುಚ್ಚಳದ ಸ್ಕ್ರೂಗಳನ್ನೆಲ್ಲ ಬಿಚ್ಚಿದೆ. ಸ್ಕ್ರೂಡ್ರೈವರ್ ಜಾರಿ ಕೋನಿನ ಮೇಲೆ ಬಿತ್ತು. ಹಪ್ಪಳಕ್ಕಿಂತ ತೆಳುವಿನ ತಗಡು, ಕುಳಿ ಬಿದ್ದೇ ಬಿತ್ತು. ಹೊಸ ಕೋನು ವಿದೇಶದಿಂದ ಬರುವ ತನಕ ಗಿಟಾರ್ ಮೂಲೆ ಸೇರಿತ್ತು.

ಕಿರಿಕಿರಿ ಸದ್ದು ಬಂದರೆ ಮೊದಲು ಹುಡುಕಬೇಕಾದದ್ದು ಸ್ಯಾಡಲ್ಲಿನಲ್ಲಿ ತಂತಿ ಕೂರುವ ಕಚ್ಚಿನಲ್ಲಿ. ತಂಬೂರಿಯ ಸೇತುವೆಯ ಮೇಲೆ ಎಳೆ ದಾರ ಸಿಕ್ಕಿಸಿ ಝೇಂಕಾರ ತರಿಸುತ್ತಾರಲ್ಲ, ಕಚ್ಚು ಅಗಲವಾದರೆ ಇಲ್ಲಿಯೂ ಅಂಥದ್ದೇ ಸದ್ದು ಬರುತ್ತದೆ. ತಂಬೂರಿಗೆ ಅದು ಜೀವ, ಇಲ್ಲಿ ರೋಗ. ಸ್ಯಾಡಲ್ ಬದಲಿಸಿದರೆ ಹೋಗುತ್ತದೆ. ಸೇತುವೆಯ ಹಿಂದೆ, ತಂತಿಯ ತುದಿ ಸಿಕ್ಕಿಸುವ ಟೇಲ್‌ಪೀಸ್‌ವರೆಗಿನ ತಂತಿಯ ತುಂಡುಗಳೂ ತಮ್ಮಷ್ಟಕ್ಕೆ ಕಿಣಿಕಿಣಿ ಎನ್ನುತ್ತಿರುತ್ತವೆ. ಅಲ್ಲಿ ಬೆರಳಗಲದ ಫೆಲ್ಟ್ ಪಟ್ಟಿಯನ್ನು ಚಾಪೆ ನೇಯ್ದ ಹಾಗೆ ತಂತಿಗಳ ಮೇಲೆ ಕೆಳಗೆ ಹಾಯಿಸಿ. ಖರ್ಚು ಹತ್ತು ರೂಪಾಯಿ ಆಗಲಿಕ್ಕಿಲ್ಲ. ನನ್ನ ಗಿಟಾರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಯಾವುದರಿಂದಲೂ ಆಗಿಲ್ಲ.

ನಿಲ್ಲಿಸುವ ಕೈ

ಸಾಮಾನ್ಯ ಗಿಟಾರಿನಲ್ಲಿ ಸದ್ದು ತಡೆಯಲು ಬಲಗೈಯ ಅಂಗೈ ಬುಡವನ್ನು ಸೇತುವೆಗೆ ತಾಗಿಸುತ್ತೇವೆ. ರೆಸೊನೇಟರಿನಲ್ಲಿ ಸೇತುವೆಯ ಮೇಲೆ ಲೋಹದ ಕವಚವಿದೆ. ಅಂಗೈ ಅದರ ಮೇಲೆ ಹೋಗಿ ಕೂರುತ್ತದೆ, ತಂತಿ ಸಿಗುವುದಿಲ್ಲ. ಕವಚದ ಮೇಲೆ ಭಾರ ಹಾಕುವುದೂ ಬೇಡ. ಹಾಗಾಗಿ ತಡೆಯುವ ಕೆಲಸವೆಲ್ಲ ಎಡಗೈಗೆ ಬರುತ್ತದೆ.

ಮೊದಲ ವಾರ ಬೇರೇನೂ ಬೇಡ, ಇದೊಂದನ್ನೇ ಮಾಡಿ. ಎಡಗೈಯಲ್ಲಿ ಯಾವುದಾದರೂ ಮೂರು ತಂತಿಯ ಕಾರ್ಡ್ ಹಿಡಿಯಿರಿ. ಲಯ ಎಣಿಸುವ ಮೆಟ್ರೊನೋಮ್ ನಿಮಿಷಕ್ಕೆ 80ಕ್ಕಿರಲಿ. ಪ್ರತಿ ಎಣಿಕೆಗೆ ಬಲಗೈಯಿಂದ ಕೆಳಮುಖವಾಗಿ ಒಂದು ಏಟು. ಏಟು ಬಿದ್ದ ಮರುಕ್ಷಣ ಎಡಗೈಯ ಒತ್ತಡ ಸಡಿಲಿಸಿ, ಆದರೆ ಬೆರಳು ತಂತಿಯಿಂದ ಏಳಬಾರದು. ಎದ್ದರೆ ಬಿಡಿ ತಂತಿ ಗುಂಯ್‌ಗುಡುತ್ತದೆ. ಒತ್ತು, ಹೊಡೆ, ಸಡಿಲಿಸು. ಸ್ಪಂಜು ಹಿಂಡಿದ ಹಾಗೆ. ನಿಮಗೆ ಕೇಳಬೇಕಾದದ್ದು ಸ್ವರವಿರುವ "ಚಕ್", ಬರೀ ಟಕ್ ಅಲ್ಲ, ಉದ್ದನೆಯ ಝಣ್ ಕೂಡ ಅಲ್ಲ. ಎಣಿಕೆಯ ಅರ್ಧದಷ್ಟು ಹೊತ್ತು ಸ್ವರ, ಉಳಿದರ್ಧ ಮೌನ. ನಿಧಾನ ಹಾಡಿಗೆ ಸ್ವರದ ಪಾಲು ಹೆಚ್ಚಿಸಬಹುದು, ವೇಗ ಏರಿದಂತೆ ಕುಗ್ಗಿಸಬೇಕು.

ನುಡಿಯಬಾರದ ತಂತಿಗಳನ್ನೂ ಎಡಗೈಯೇ ಬಾಯಿ ಮುಚ್ಚಿಸಬೇಕು. ಆರನೇ ತಂತಿ ಒತ್ತಿದ ಬೆರಳಿನ ತುದಿ ಐದನೆಯದಕ್ಕೆ ತಾಗಿರಲಿ. ಮೂರನೆಯದನ್ನು ಒತ್ತಿದ ಬೆರಳು ಸ್ವಲ್ಪ ಮಲಗಿ ಎರಡು, ಒಂದನ್ನು ಸವರುತ್ತಿರಲಿ. ಆಗ ಬಲಗೈ ಆರೂ ತಂತಿಯ ಮೇಲೆ ಧಾರಾಳವಾಗಿ ಬೀಸಿದರೂ ಮೂರೇ ಸ್ವರ ಹೊರಬರುತ್ತದೆ. ಅಮೆರಿಕದ ಜಾಝ್ ನಾಯಕ ಕೌಂಟ್ ಬೇಸಿಯ ವಾದ್ಯವೃಂದದಲ್ಲಿ 1937ರಿಂದ ಅರ್ಧ ಶತಮಾನದಷ್ಟು ಕಾಲ ಬರೀ ರಿದಮ್ ಹಿಡಿದ ಫ್ರೆಡ್ಡಿ ಗ್ರೀನ್ ಅವರ ಗುಟ್ಟೂ ಇಂಥದ್ದೇ. ಅವರದು ಮುಖ ಉಬ್ಬಿದ ಮರದ ಆರ್ಚ್‌ಟಾಪ್ ಗಿಟಾರ್, ಆದರೆ ಆ ಕೈಚಳಕ ಲೋಹದ ಗಿಟಾರಿಗೆ ಇನ್ನೂ ಹೆಚ್ಚು ಬೇಕು.

ಬಲಗೈಗೆ ದಪ್ಪ, ಅಂಚು ದುಂಡಗಿರುವ ಪಿಕ್ ಕೊಡಿ, ಒಂದೂವರೆ ಮಿಲಿಮೀಟರ್ ಆದರೆ ಸರಿ. ಹೊಡೆಯುವ ಜಾಗ ಕತ್ತು ಮುಗಿಯುವಲ್ಲಿ, ಮುಚ್ಚಳದಿಂದ ದೂರ. ಸೇತುವೆಯ ಹತ್ತಿರ ಹೋದಷ್ಟೂ ಪಾತ್ರೆ ಬೀಳುವ ಸದ್ದು. ಜೋರಾಗಿ ಹೊಡೆಯುವ ಆಸೆಯನ್ನೂ ಬಿಡಿ. ಒಂದು ಹಂತದ ಆಚೆಗೆ ಕೋನು ಜೋರಾಗುವುದಿಲ್ಲ, ಕರ್ಕಶವಾಗುತ್ತದೆ.

ಮೂರೇ ತಂತಿಯ ಕಾರ್ಡುಗಳು

ಈ ವಾದ್ಯದಲ್ಲಿ ಮೇಲಿನ ಅನುಸ್ವರಗಳು (ಮೂಲ ಸ್ವರದ ಜೊತೆ ತಾವಾಗಿ ಮಿಡಿಯುವ ಓವರ್‌ಟೋನುಗಳು) ತುಂಬ. ಐದಾರು ಸ್ವರದ ಜಾಝ್ ಕಾರ್ಡ್ ಹಿಡಿದರೆ ಅವೆಲ್ಲ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಆರು, ನಾಲ್ಕು, ಮೂರನೇ ತಂತಿ ಇಷ್ಟರಲ್ಲೇ ಸಂಸಾರ ಮಾಡಿ. ಶ್ರುತಿ ಮಾಮೂಲಿಯದೇ: ಆರನೆಯದರಿಂದ ಇ, ಎ, ಡಿ, ಜಿ, ಬಿ, ಇ.

ಜಿ6 ಕಾರ್ಡಿಗೆ ಆರನೇ ತಂತಿಯ 3ನೇ ಫ್ರೆಟ್, ನಾಲ್ಕನೆಯದರ 2, ಮೂರನೆಯದರ 4. ಇದರಲ್ಲಿ ನಾಲ್ಕನೇ ತಂತಿಯ ಬೆರಳನ್ನು 3ಕ್ಕೆ ಸರಿಸಿದರೆ ಜಿ7, 4ಕ್ಕೆ ಸರಿಸಿದರೆ ಜಿ ಮೇಜರ್ 7. ಮೂರೂ ತಂತಿ 3ನೇ ಫ್ರೆಟ್ಟಿನಲ್ಲೇ ಇದ್ದರೆ ಜಿ ಮೈನರ್ 7. ಆಮೇಲೆ ಈ ಆಕಾರಗಳನ್ನು ಕತ್ತಿನ ಮೇಲೆ ಜಾರಿಸಿದರೆ ಉಳಿದ ಶ್ರುತಿಗಳು ಸಿಗುತ್ತವೆ.

ಇನ್ನು ಅಭ್ಯಾಸದ ಸುತ್ತು. ಒಂದೊಂದು ಕಾರ್ಡಿಗೆ ಎರಡೆರಡು ಎಣಿಕೆ:

ಜಿ6: ಆರನೇ ತಂತಿ 3, ನಾಲ್ಕನೆಯದು 2, ಮೂರನೆಯದು 4.
ಜಿ ಶಾರ್ಪ್ ಡಿಮಿನಿಶ್ಡ್: ಆರನೇ ತಂತಿ 4, ನಾಲ್ಕನೆಯದು 3, ಮೂರನೆಯದು 4.
ಎ ಮೈನರ್ 7: ಮೂರೂ ತಂತಿ 5.
ಡಿ7: ಐದನೇ ತಂತಿ 5, ನಾಲ್ಕನೆಯದು 4, ಮೂರನೆಯದು 5.

ಡಿ7ಗೆ ಮಾತ್ರ ಬುಡದ ಸ್ವರ (ಕಾರ್ಡಿಗೆ ಹೆಸರು ಕೊಡುವ ಸ್ವರ) ಐದನೇ ತಂತಿಗೆ ಹೋಯಿತು ಎಂಬುದನ್ನು ಗಮನಿಸಿ. ಆಗ ಆರನೆಯದನ್ನು ಬೆರಳ ತುದಿಯಿಂದ ತಡೆಯಬೇಕು. ನಾಲ್ಕನೇ ತಂತಿಯನ್ನಷ್ಟೇ ಕಿವಿಗೊಟ್ಟು ಕೇಳಿ: 2, 3, 5, 4. ಕಾರ್ಡುಗಳ ಹೊಟ್ಟೆಯೊಳಗೆ ಒಂದು ಸಣ್ಣ ರಾಗ ನಡೆಯುತ್ತಿದೆ. ರೆಸೊನೇಟರಿನಲ್ಲಿ ಇದು ಎದ್ದು ಕೇಳುತ್ತದೆ, ಕುಣಿಯುವವರ ಕಾಲಿಗೂ ತಲುಪುತ್ತದೆ. ನೂರಾರು ಸ್ವಿಂಗ್ ಹಾಡುಗಳ ಮೊದಲ ಸಾಲು ಇದೇ ಸುತ್ತಿನ ಮೇಲೆ ನಿಂತಿದೆ.

ಬೇಸ್ ನುಡಿಸುವವರು ಜೊತೆಗಿದ್ದರೆ ಬುಡದ ಸ್ವರವನ್ನೂ ಬಿಟ್ಟುಬಿಡಿ. ನಾಲ್ಕು ಮತ್ತು ಮೂರನೇ ತಂತಿಯ ಎರಡೇ ಸ್ವರ ಸಾಕು, ಕಾರ್ಡಿನ ಗುರುತು ಸಿಗುತ್ತದೆ. ಇದು ಜಿಪುಣತನ ಎಂದು ಅನ್ನಿಸಿದರೆ ಒಮ್ಮೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ ನೋಡಿ.

ನಡೆ

ಕರ್ನಾಟಕ ಸಂಗೀತ ಸ್ವಲ್ಪವಾದರೂ ಕೇಳಿದವರಿಗೆ ಸ್ವಿಂಗ್ ವಿವರಿಸುವುದು ಸುಲಭ. ಒಂದು ಎಣಿಕೆಯನ್ನು ತಿಶ್ರದಲ್ಲಿ ಮೂರು ಪಾಲು ಮಾಡಿ: ತ, ಕಿ, ಟ. "ತ"ದ ಮೇಲೆ ಒಂದು ಸ್ವರ, ಅದು "ಕಿ"ಯವರೆಗೂ ಚಾಚಿರಲಿ. ಎರಡನೇ ಸ್ವರ "ಟ"ದ ಮೇಲೆ. ಇದೇ ಸ್ವಿಂಗಿನ ಓಲಾಟ. ಆದರೆ ಪುಸ್ತಕದ ಹಾಗೆ ಹಿಡಿದುಕೂರಬೇಡಿ. ನಿಮಿಷಕ್ಕೆ 200 ಎಣಿಕೆ ದಾಟಿದರೆ ಈ ಅಂತರ ತಾನಾಗಿ ಸಪಾಟಾಗುತ್ತ ಹೋಗುತ್ತದೆ, ಒತ್ತಾಯದಿಂದ ತಿಶ್ರ ತುಂಬಿದರೆ ಕುದುರೆ ಕುಂಟಿದ ಹಾಗೆ ಕೇಳುತ್ತದೆ.

ನಾಲ್ಕು ಎಣಿಕೆಗೂ ಏಟು ಬೀಳಬೇಕು, ಎರಡು ಮತ್ತು ನಾಲ್ಕರ ಮೇಲೆ ಸ್ವಲ್ಪ ತೂಕ. ಸ್ವಲ್ಪವೆಂದರೆ ಸ್ವಲ್ಪವೇ. ಮೆಟ್ರೊನೋಮನ್ನು ಅರ್ಧ ವೇಗಕ್ಕಿಟ್ಟು, ಅದರ ಟಕ್ ಎರಡು ಮತ್ತು ನಾಲ್ಕಕ್ಕೆ ಬೀಳುತ್ತಿದೆ ಎಂದು ಭಾವಿಸಿ ನುಡಿಸಿ. ಮೊದಮೊದಲು ತಲೆ ತಿರುಗುತ್ತದೆ, ನಾಲ್ಕೈದು ದಿನಕ್ಕೆ ಒಗ್ಗುತ್ತದೆ.

ಸೋಲೊ

ಸ್ವರ ಬೇಗ ಸಾಯುವ ವಾದ್ಯದಲ್ಲಿ ಉದ್ದನೆಯ ಸ್ವರ ಹಿಡಿದು ಕಾಯಬೇಡಿ. ಸ್ಯಾಕ್ಸೊಫೋನಿನವರ ಸೋಲೊ ನೋಡಿ ಕಲಿತವರು ಇಲ್ಲಿ ಸೋಲುತ್ತಾರೆ. ಒಂದೇ ಸ್ವರವನ್ನು ಎರಡು ಮೂರು ಸಲ ಬೇರೆ ಬೇರೆ ತೂಕದಲ್ಲಿ ನುಡಿಸುವುದು, ಕೆಳಗಿನ ಅರ್ಧ ಸ್ವರದಿಂದ ಜಾರಿ ಏರುವುದು, ಒಮ್ಮೊಮ್ಮೆ ಪಿಕ್ಕಿನಿಂದ ನಡುಕ ಕೊಡುವುದು ಇದಕ್ಕೆ ಹೊಂದುತ್ತದೆ.

ಮೇಲಿನ ಸುತ್ತಿನ ಕೊನೆಯ ಎರಡು ಕಾರ್ಡಿನ ಮೇಲೆ ಕೂರುವ ಒಂದು ಸಾಲು ಇಲ್ಲಿದೆ, ಎಣಿಕೆಗೆ ಎರಡು ಸ್ವರದಂತೆ. ಎ ಮೈನರ್ 7ರ ಮೇಲೆ: ಎರಡನೇ ತಂತಿ 5, ಮೂರನೇ ತಂತಿ 5, ನಾಲ್ಕನೇ ತಂತಿ 7, ಅದೇ ತಂತಿಯ 5. ಡಿ7ರ ಮೇಲೆ: ನಾಲ್ಕನೇ ತಂತಿ 4, ಅದೇ ತಂತಿಯ 7, ಮೂರನೇ ತಂತಿ 5, ಎರಡನೇ ತಂತಿ 4. ಕೂಡಲೇ ಜಿ6ರ ಮೊದಲ ಎಣಿಕೆಗೆ ಎರಡನೇ ತಂತಿಯ 3ಕ್ಕೆ ಇಳಿಯಿರಿ. ಕೊನೆಯಲ್ಲಿ ಬಂದ ಆ 4ನೇ ಫ್ರೆಟ್ಟಿನ ಸ್ವರ ಡಿ7ಗೆ ಹೊರಗಿನದು. ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಒಂದು ಕ್ಷಣ ಚುರುಕು ಮುಟ್ಟಿಸಿ ಮನೆ ಸೇರುತ್ತದೆ. ಲೋಹದ ಕೋನಿಗೆ ಇಂಥ ಸ್ವರಗಳೆಂದರೆ ಪ್ರೀತಿ.

ಸ್ಲೈಡ್ ಬೇಕೆನ್ನುವವರಿಗೆ ಶ್ರುತಿ ಬದಲಿಸುವ ಅಗತ್ಯವೇ ಇಲ್ಲ. ಮಾಮೂಲಿ ಶ್ರುತಿಯಲ್ಲಿ ಮೇಲಿನ ನಾಲ್ಕು ಬಿಡಿ ತಂತಿಗಳು ಡಿ, ಜಿ, ಬಿ, ಇ. ನಾಲ್ಕೂ ಸೇರಿದರೆ ಜಿ6. ಅಂದರೆ ಸ್ಲೈಡನ್ನು 5ನೇ ಫ್ರೆಟ್ಟಿನ ನೇರಕ್ಕೆ ಅಡ್ಡ ಇಟ್ಟರೆ ಸಿ6, 10ರಲ್ಲಿ ಎಫ್6, 12ರಲ್ಲಿ ಮತ್ತೆ ಜಿ6. ಹಾಡಿನ ಕೊನೆಯಲ್ಲಿ 11ರಿಂದ 12ಕ್ಕೆ ಜಾರಿಸಿ ನಿಲ್ಲಿಸಿದರೆ 1930ರ ದಶಕದ ಹವಾಯಿ ಬ್ಯಾಂಡಿನ ವಾಸನೆ ಬರುತ್ತದೆ. ತಂತಿಯನ್ನು ತಗ್ಗಿಸಿಟ್ಟಿದ್ದೀರಿ, ಹಾಗಾಗಿ ಹಗುರ ಗಾಜಿನ ಸ್ಲೈಡ್ ಬಳಸಿ, ಒತ್ತಬೇಡಿ. ಹಿಂದಿನ ಬೆರಳುಗಳು ತಂತಿಗೆ ತಾಗಿ ಸದ್ದು ತಡೆಯುತ್ತಿರಲಿ.

ಹಾಲ್‌ನಲ್ಲಿ

ಗಿಟಾರಿಗೇ ಜೋಡಿಸುವ ಪಿಕಪ್ ಹಾಕಿಸಿದರೆ ರೆಸೊನೇಟರಿನ ಗುಣ ಹೋಗುತ್ತದೆ, ಸಾದಾ ಗಿಟಾರಿನ ಹಾಗೆ ಕೇಳುತ್ತದೆ. ಒಂದು ಮಾಮೂಲಿ ಡೈನಾಮಿಕ್ ಮೈಕ್ ಸಾಕು. ಕೋನಿನ ನಡುವಿಗೆ ಗುರಿ ಇಡದೆ, ಮುಚ್ಚಳದ ಅಂಚಿನ ಕಡೆಗೆ ಒಂದು ಗೇಣು ದೂರದಲ್ಲಿ ಓರೆಯಾಗಿ ನಿಲ್ಲಿಸಿ. ಮಾನಿಟರ್ ಸ್ಪೀಕರ್ ಗಿಟಾರಿನ ಮುಖಕ್ಕೆ ನೇರ ಇರದ ಹಾಗೆ ನೋಡಿಕೊಳ್ಳಿ, ಕೋನೇ ಇನ್ನೊಂದು ಮೈಕಿನಂತೆ ಅದುರಿ ಕೂಗಲು ಶುರುಮಾಡುತ್ತದೆ. ಸೌಂಡ್‌ನವರು "ಟ್ರೆಬಲ್ ಏರಿಸಲಾ?" ಎಂದು ಕೇಳಿದರೆ ಕೈಮುಗಿದು ಬೇಡವೆನ್ನಿ. ಬ್ಯಾಂಡಿನಲ್ಲಿ ಇನ್ನೊಂದು ರಿದಮ್ ಗಿಟಾರ್ ಇದ್ದರೆ ಇಬ್ಬರಲ್ಲಿ ಒಬ್ಬರು ಸುಮ್ಮನಿರಬೇಕು. ಯಾರು ಎಂಬುದನ್ನು ವೇದಿಕೆ ಹತ್ತುವ ಮೊದಲೇ ತೀರ್ಮಾನಿಸಿಕೊಳ್ಳಿ.

ಉಪ್ಪುಗಾಳಿ ಮತ್ತು ಮಳೆಗಾಲ

ಉಪ್ಪು, ಬೆವರು, ತೇವ, ಮೂರೂ ಲೋಹಕ್ಕೆ ವೈರಿಗಳು. ನುಡಿಸಿದ ಮೇಲೆ ಪ್ರತಿ ಸಲ ಹಳೇ ಹತ್ತಿ ಬೈರಾಸಿನಿಂದ ತಂತಿ, ಮೈ, ಕೈ ಊರುವ ಕವಚ ಎಲ್ಲವನ್ನೂ ಒಣಗಿಸಿ ಒರೆಸಿ. ಮನೆಯಲ್ಲಿ ಹಿತ್ತಾಳೆ ದೀಪ ತಿಕ್ಕುವ ಹುಣಸೆಹುಳಿಯನ್ನು ಅಪ್ಪಿತಪ್ಪಿಯೂ ಹಚ್ಚಬೇಡಿ. ನಮ್ಮಮ್ಮ ಒಮ್ಮೆ ಒಳ್ಳೆಯ ಮನಸ್ಸಿನಿಂದಲೇ ಹುಳಿ ಹಿಡಿದು ಬಂದಿದ್ದರು, ಸಮಯಕ್ಕೆ ಸರಿಯಾಗಿ ನಾನು ಮನೆಯಲ್ಲಿದ್ದೆ. ಮೇಲಿರುವುದು ನಿಕಲ್ಲಿನ ತೆಳು ಲೇಪ, ಹುಳಿ ಅದನ್ನು ತಿನ್ನುತ್ತದೆ.

ಎಸಿ ಹಾಲ್‌ನಿಂದ ಹೊರಗೆ ಬಂದ ಕೂಡಲೇ ಪೆಟ್ಟಿಗೆ ತೆರೆಯಬೇಡಿ. ತಣ್ಣಗಿನ ಲೋಹದ ಮೇಲೆ ಹೊರಗಿನ ಹಬೆ ಕೂತು, ಫ್ರಿಜ್ಜಿನಿಂದ ತೆಗೆದ ಚೊಂಬಿನ ಹಾಗೆ ಒಳಗೂ ಹೊರಗೂ ಬೆವರುತ್ತದೆ. ಒಳಗಿನ ನೀರನ್ನು ಒರೆಸಲು ಕೈ ಹೋಗುವುದಿಲ್ಲ. ಅರ್ಧ ಗಂಟೆ ಪೆಟ್ಟಿಗೆಯಲ್ಲೇ ಬಿಟ್ಟು ಆಮೇಲೆ ತೆಗೆಯಿರಿ.

ಜೂನ್ ಬಂತೆಂದರೆ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ಲಿನ ಚೀಲಗಳನ್ನಿಟ್ಟು, ಹದಿನೈದು ದಿನಕ್ಕೊಮ್ಮೆ ಅವನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ. ಪೆಟ್ಟಿಗೆಯನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ, ನೆಲದ ಮೇಲೂ ಬೇಡ. ತಂತಿಗಳನ್ನು ಪೂರ್ತಿ ಸಡಿಲಿಸಬೇಡಿ, ಕೋನು ಸರಿಯುವ ವಿಷಯ ಆಗಲೇ ಹೇಳಿದ್ದೇನೆ. ಅರ್ಧ ಸ್ವರ ಇಳಿಸಿದರೆ ಸಾಕು. ಸೆಪ್ಟೆಂಬರಿನ ಮೊಂತಿ ಹಬ್ಬದ ಹೊತ್ತಿಗೆ ಮಳೆ ಇಳಿಯುತ್ತದೆ, ಆಗ ಹೊಸ ತಂತಿ ಹಾಕಿ. ಒಂದೊಂದಾಗಿ.